ಕೋಡಿ ಬಿದ್ದೈತೋ, ಬಿದ್ದೋಗೈತೋ

ಮಳೆ, ಗಾಳಿ, ಸಿಡಿಲಿನಿಂದ ಹಾನಿಯಾದಾಗ ನಾವು ತುಂಬುತ್ತಿದ್ದ ನಮೂನೆಯಲ್ಲಿ ಒಂಬತ್ತು ಖಾನೆಗಳಿದ್ದವು. ಹೆಸರು, ಊರು, ಸರ್ವೆ ನಂಬರು, ದಿನಾಂಕ ಇವಕ್ಕೆಲ್ಲ ಧಾರಾಳವಾಗಿ ಜಾಗ ಬಿಟ್ಟಿದ್ದರು. ಆರನೆಯದು ಮಾತ್ರ ಹೆಬ್ಬೆರಳಿನಷ್ಟು ಅಗಲ. ಅದರ ನೆತ್ತಿಯ ಮೇಲೆ 'ಹಾನಿಗೆ ಕಾರಣ' ಎಂದು ಅಚ್ಚಾಗಿತ್ತು. ನಮೂನೆ ಅಚ್ಚು ಹಾಕಿಸಿದ ಪುಣ್ಯಾತ್ಮ ಕಾರಣ ಅನ್ನುವುದು ಒಂದೇ ಮಾತಿಗೆ ಮುಗಿಯುತ್ತದೆ ಅಂದುಕೊಂಡಿದ್ದನೋ ಏನೋ. ಮೂವತ್ತಮೂರು ವರ್ಷ ಆ ಖಾನೆಯ ಮುಂದೆ ಪೆನ್ನು ಹಿಡಿದು ಕೂತು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ನಾನು ಗ್ರಾಮ ಲೆಕ್ಕಾಧಿಕಾರಿಯಾಗಿದ್ದೆ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ದೊಡ್ಡ ಹೆಸರಿಟ್ಟಿದ್ದಾರೆ, ಕೆಲಸ ಅದೇ. ಹಳ್ಳಿಯ ಹಿರಿಯರಂತೂ ಕೊನೆಯವರೆಗೂ ನನ್ನನ್ನು ಶಾನುಭೋಗ್ರಮ್ಮ ಅಂತಲೇ ಕರೆದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕಿನ ಧೂಳು ಕುಡಿದು ನಿವೃತ್ತಳಾಗಿದ್ದೇನೆ. ಹೊಸದಾಗಿ ಸೇರಿದ ಮಕ್ಕಳು ಫೋನ್ ಮಾಡಿ, "ಮೇಡಂ, ಪ್ರಕೃತಿ ವಿಕೋಪದ ಕೆಲಸ ಬಂದ್ರೆ ಏನ್ ಮಾಡ್ಬೇಕು?" ಎಂದು ಕೇಳುತ್ತಾರೆ. ಗೊತ್ತಿರುವುದನ್ನು ಇಲ್ಲಿ ಹೇಳುತ್ತೇನೆ. ಗೊತ್ತಿಲ್ಲದ್ದು ಅದಕ್ಕಿಂತ ಜಾಸ್ತಿ ಇದೆ, ಅದನ್ನೂ ಹೇಳುತ್ತೇನೆ. ಒಂದು ಕೆರೆಯ ನೀರಗಂಟಿಯ ಮಾನ ನನ್ನ ಒಂದು ಮಾತಿನಿಂದ ಹೋಯಿತು. ಅದನ್ನು ಅವನಿಗೆ ವಾಪಸು ಕೊಡಲು ಆಯಿತೇ ಇಲ್ಲವೇ ಅನ್ನುವುದೇ ಈ ಬರಹದ ಮುಖ್ಯ ವಿಷಯ. ಆ ಭಾಗದಲ್ಲಿ ಕೆರೆಯ ಹೆಸರು, ಜನರ ಹೆಸರು ಬದಲಿಸಿದ್ದೇನೆ. ತಾಲ್ಲೂಕು ಯಾವುದೆಂದು ಕೇಳಬೇಡಿ.

ಮೊದಲು ಕುರಿಯಿಂದ ಶುರುಮಾಡುತ್ತೇನೆ, ಏಕೆಂದರೆ ನನಗೆ ಅಡ್ಡಹೆಸರು ಬಂದದ್ದು ಅಲ್ಲಿಂದ.

ಹುಳಿಯಾರಿನ ಕಡೆ ನನ್ನ ಮೊದಲ ಪೋಸ್ಟಿಂಗ್. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಹಟ್ಟಿಯಿಂದ ಕರೆ ಬಂತು, ಗುಡುಗು ಮಳೆಯಲ್ಲಿ ಎಂಟು ಕುರಿ ಸತ್ತಿವೆ ಎಂದು. ಹೋದೆ. ಹೊಂಗೆ ಮರದ ಕೆಳಗೆ ಎಂಟೂ ಕಾಲು ಸೆಟೆದುಕೊಂಡು ಬಿದ್ದಿದ್ದವು, ಹೊಟ್ಟೆ ಉಬ್ಬಿತ್ತು. ಕುರಿ ಕಾಯುವ ಕರಿಯಣ್ಣ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಸಿಡ್ಲು ಬಡೀತು ಕಣವ್ವ, ಕಣ್ಣಾರೆ ಕಂಡೆ" ಎಂದ. ಪಕ್ಕದ ಹೊಲದವನು ನನ್ನನ್ನು ಆಚೆಗೆ ಕರೆದು, "ಎಳೇ ಜೋಳದ ಚಿಗುರು ಮೇಯ್ಸವ್ನೆ, ನಮ್ಮೊಲಕ್ಕೇ ನುಗ್ಸವ್ನೆ. ಅದು ವಿಷ ಕಣಮ್ಮ" ಎಂದ. ಮರ ನೋಡಿದೆ, ತೊಗಟೆ ಸುಲಿದ ಹಾಗೆ ಇತ್ತು, ಹಳೆಯ ಸುಲಿತವೋ ಹೊಸತೋ ತಿಳಿಯಲಿಲ್ಲ. ಹೊಲ ನೋಡಿದೆ, ಚಿಗುರು ಕಚ್ಚಿದ ಗುರುತೂ ಇತ್ತು. ಪಶುವೈದ್ಯರು ರಜೆಯಲ್ಲಿದ್ದರು. ನಾನು ಆರನೆಯ ಖಾನೆಯಲ್ಲಿ ಪುಟ್ಟ ಅಕ್ಷರದಲ್ಲಿ 'ಸಿಡಿಲು ಅಥವಾ ಜೋಳದ ಚಿಗುರು' ಎಂದು ಬರೆದು ಕಳಿಸಿದೆ.

ನಮ್ಮ ರೆವಿನ್ಯೂ ಇನ್‌ಸ್ಪೆಕ್ಟರು ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಥವಾ ಅಂತ ಬರೆಯೋಕೆ ನೀನೇನು ಪ್ರಶ್ನೆಪತ್ರಿಕೆ ತೆಗೀತಿದೀಯೇನಮ್ಮಾ? ಸರಿ ಉತ್ತರಕ್ಕೆ ನಾನು ಗೆರೆ ಎಳೀಬೇಕಾ?"

ಆವತ್ತಿನಿಂದ ಕಚೇರಿಯಲ್ಲಿ ನಾನು ಅಥವಾ ಮೇಡಂ. ಅವರು ಮನುಷ್ಯರು ಒಳ್ಳೆಯವರೇ. ಬೈದಾದ ಮೇಲೆ ಕಾಫಿ ತರಿಸಿಕೊಟ್ಟು, ಕರಿಯಣ್ಣನಿಗೆ ಇರುವುದೇ ಆ ಕುರಿಗಳು, ಸಿಡಿಲು ಅಂತ ಬರಿ ಎಂದರು. ಬರೆದೆ. ಮುಂದಿನ ವಾರ ಆ ಪಕ್ಕದ ಹೊಲದವನೇ ಬಂದು, "ನಮ್ಮ ಎಮ್ಮೇನೂ ಸಿಡ್ಲಲ್ಲೇ ಸತ್ತದ್ದು" ಎಂದು ಕೂತ. ಆಕಾಶದಲ್ಲಿ ಆ ವಾರವೆಲ್ಲ ಒಂದು ಮೋಡವೂ ಇರಲಿಲ್ಲ. ನಾನು ನಗಬೇಕೋ ಅಳಬೇಕೋ ತಿಳಿಯದೆ ಅವನಿಗೂ ಕಾಫಿ ಕೊಡಿಸಿದೆ.

ಸಿಡಿಲಾದರೂ ವಾಸಿ, ಬಂದು ಹೋದ ದಿನ ಗೊತ್ತಿರುತ್ತದೆ. ತೆಂಗಿನ ಮರದ್ದು ಇನ್ನೊಂದು ಫಜೀತಿ. ಒಂದು ವರ್ಷ ನೊಣವಿನಕೆರೆಯ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯಲ್ಲಿ ನೋಡುತ್ತಿದ್ದೆ. ಹಳ್ಳಕೊಳ್ಳವೆಲ್ಲ ತುಂಬಿ ನಿಂತಿದ್ದವು, ಆ ನೀರಿನ ಪಕ್ಕದಲ್ಲೇ ತೆಂಗಿನ ಮರಗಳು ಗರಿ ಜೋತುಬಿಟ್ಟು ಸುಳಿ ಬಾಗಿಸಿಕೊಂಡು ಒಣಗುತ್ತಿದ್ದವು. ನನಗೆ ತಲೆಕೆಟ್ಟುಹೋಯಿತು. ಒಬ್ಬ ಹಿರಿಯ ಬೆಳೆಗಾರರನ್ನು ಕೇಳಿದರೆ ಅವರು ಹೇಳಿದ್ದು ಇದು: "ತೆಂಗು ಇವತ್ತಿನ ಬರಕ್ಕೆ ಇವತ್ತು ಸಾಯಲ್ಲ ಕಣಮ್ಮ. ಎರಡು ವರ್ಸ ತಡ್ಕೊಂಡು, ಮೂರನೇ ವರ್ಸ ನೀರು ಕಾಲ್ಬುಡದಾಗೆ ಇದ್ರೂ ಕೈಬುಡ್ತದೆ." ನಮೂನೆಯ ನಾಲ್ಕನೆಯ ಖಾನೆ 'ವಿಕೋಪ ಸಂಭವಿಸಿದ ದಿನಾಂಕ'. ಮೂರು ವರ್ಷದ ಹಿಂದೆ ಬಾರದೆ ಹೋದ ಮಳೆಗೆ ಯಾವ ದಿನಾಂಕ ಹಾಕುವುದು? ಆ ವರ್ಷ ನನ್ನ ಮೇಜಿನ ಮೇಲೆ ಒಂದೇ ಸರ್ವೆ ನಂಬರಿನ ಎರಡು ಫೈಲುಗಳಿದ್ದವು. ಒಂದರ ಮೇಲೆ 'ಬರ', ಇನ್ನೊಂದರ ಮೇಲೆ 'ಅತಿವೃಷ್ಟಿ'. ರಾಗಿ ಹೊಡೆ ಬಂದು ತೆನೆ ಕಟ್ಟುವಾಗ ಮಳೆ ಕೈಕೊಟ್ಟಿತ್ತು, ಕೊಯ್ದು ಹಾಕಿದ ಮೇಲೆ ಹಗಲೂ ರಾತ್ರಿ ಸುರಿದು ತೆನೆಯಲ್ಲೇ ಮೊಳಕೆ ಬರಿಸಿತ್ತು. ಫೈಲು ಕಳಿಸುವಾಗ ಎರಡನ್ನೂ ಅದಲು ಬದಲು ಮಾಡಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ, ಎರಡೂ ಮಂಜೂರಾಗಿ ಬಂದವು.

ಆಮೇಲೆ ಮೊಬೈಲು ಆ್ಯಪು ಬಂತು. ಹಾನಿಯಾದ ಜಾಗದಲ್ಲೇ ನಿಂತು ಫೋಟೋ ತೆಗೆದರೆ ಅಕ್ಷಾಂಶ ರೇಖಾಂಶ ತಾನಾಗಿ ಬಂದು ಕೂರುತ್ತದೆ. ಕಾರಣಕ್ಕೆ ಒಂದು ಪಟ್ಟಿ ಇಳಿಯುತ್ತದೆ, ಬೆರಳಿಂದ ಒಂದನ್ನು ಒತ್ತಬೇಕು. ಮೊದಲು ಅಥವಾ ಬರೆದರೆ ಬೈಯುತ್ತಿದ್ದರು, ಈಗ ಬರೆಯಲು ಜಾಗವೇ ಇಲ್ಲದಂತಾಯಿತು. ಕೆಲಸ ಬೇಗ ಆಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಎಷ್ಟೋ ಸಲ ಬಿದ್ದ ಗೋಡೆಯ ಮುಂದೆ ಫೋನು ಹಿಡಿದು, 'ಗಾಳಿ' ಒತ್ತಲೋ 'ಮಳೆ' ಒತ್ತಲೋ ಎಂದು ಬೆರಳಾಡಿಸುತ್ತಾ ನಿಂತಿದ್ದೇನೆ. ಮನೆಯ ಯಜಮಾನ, "ಯಾವ್ದಾದ್ರೂ ಒತ್ತಿ ಮೇಡಂ, ಬ್ಯಾಟ್ರಿ ಹೋಗ್ತದೆ" ಎನ್ನುತ್ತಿದ್ದ.

ಇನ್ನು ಕೆರೆಯ ವಿಷಯಕ್ಕೆ ಬರುತ್ತೇನೆ.

ಅದನ್ನು ಗಿಡ್ಡಮ್ಮನ ಕೆರೆ ಎನ್ನೋಣ. ಏರಿಯ ಕೆಳಗೆ ತೆಂಗಿನ ತೋಟಗಳು, ತೋಟ ದಾಟಿದರೆ ತಗ್ಗಿನಲ್ಲಿ ಒಂದು ಗೊಲ್ಲರ ಹಟ್ಟಿ. ಕೆರೆಯ ನೀರಗಂಟಿ ಮೂಡ್ಲಗಿರಿಯಪ್ಪ. ನೀರಗಂಟಿ ಎಂದರೆ ತೂಬು ತೆಗೆದು ಮುಚ್ಚಿ, ಹೊಲಗಳಿಗೆ ನೀರು ಹಂಚಿ, ಏರಿ ಕೋಡಿ ನೋಡಿಕೊಳ್ಳುವವನು. ಅವರ ತಾತನ ಕಾಲದಿಂದ ಆ ಮನೆಗೇ ಬಂದ ಕೆಲಸ. ಕೆರೆ ತುಂಬಿದಾಗ ಗಂಗಮ್ಮನಿಗೆ ಬಾಗಿನ ಬಿಟ್ಟು, ಉಳಿದ ಮೊರಗಳಲ್ಲಿ ಮೊದಲನೆಯದನ್ನು ನೀರಗಂಟಿಯ ಹೆಂಡತಿಗೆ ಕೊಡುವುದು ಅಲ್ಲಿನ ಪದ್ಧತಿ. ಆದರೆ ಕೆರೆ ತುಂಬಿ ಇಪ್ಪತ್ತು ವರ್ಷದ ಮೇಲಾಗಿತ್ತು. ಮೂಡ್ಲಗಿರಿಯಪ್ಪನ ಹೆಂಡತಿ ಪುಟ್ಟಮ್ಮ ಮದುವೆಯಾಗಿ ಬಂದ ಮೇಲೆ ಆ ಮೊರ ಹಿಡಿದದ್ದು ಒಂದೇ ಸಲವಂತೆ.

ನಮ್ಮ ಕಡೆ ಕೆರೆ ತುಂಬಿ ಹೆಚ್ಚಿನ ನೀರು ಕೋಡಿಯ ಕಲ್ಲುಗೋಡೆಯ ಮೇಲಿಂದ ಹರಿದರೆ ಅದಕ್ಕೆ 'ಕೋಡಿ ಬಿದ್ದೈತೆ' ಎನ್ನುತ್ತಾರೆ. ಅದಕ್ಕಿಂತ ಸಂತೋಷದ ಸುದ್ದಿ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಗೋಡೆಯೇ ಮುರಿದರೆ 'ಕೋಡಿ ಬಿದ್ದೋಗೈತೆ' ಎನ್ನುತ್ತಾರೆ. ನಡುವೆ ಒಂದೇ ಒಂದು 'ಓಗ'.

ಆ ವರ್ಷ ಮಳೆ ಹಿಡಿದು ಗಿಡ್ಡಮ್ಮನ ಕೆರೆ ತುಂಬಿತು. ಬೆಳಿಗ್ಗೆ ಏಳಕ್ಕೆ ಮೂಡ್ಲಗಿರಿಯಪ್ಪ ಫೋನು ಮಾಡಿ ಹೇಳಿದ. ನಾನು ಖುಷಿಯಲ್ಲಿ ಕಚೇರಿಯ ವಾಟ್ಸಾಪ್ ಗುಂಪಿಗೆ 'ಗಿಡ್ಡಮ್ಮನ ಕೆರೆ ಕೋಡಿ ಬಿದ್ದಿದೆ' ಎಂದು ಹಾಕಿದೆ. ನಮ್ಮ ತಹಶೀಲ್ದಾರರು ಕರಾವಳಿಯವರು, ಬಂದು ಮೂರು ತಿಂಗಳಾಗಿತ್ತಷ್ಟೆ. ಕೋಡಿ ಬಿದ್ದಿದೆ ಎಂದರೆ ಏನೋ ಬಿದ್ದುಹೋಗಿದೆ ಎಂದು ಓದಿಕೊಂಡರು. ಅರ್ಧ ಗಂಟೆಯಲ್ಲಿ ಅಗ್ನಿಶಾಮಕದ ಗಾಡಿ, ಆಂಬುಲೆನ್ಸು, ಮೈಕು ಕಟ್ಟಿದ ಆಟೋ ಎಲ್ಲ ಹೊರಟವು. ಮೈಕಿನವನು ಗೊಲ್ಲರ ಹಟ್ಟಿಯಲ್ಲಿ 'ಎಲ್ಲರೂ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಿ' ಎಂದು ಕೂಗಿದ. ಜನ ಹಾಸಿಗೆ, ಕೋಳಿ, ಕುರಿಮರಿ ಹೊತ್ತು ರಸ್ತೆಗೆ ಬಂದರು. ಎದುರಿನಿಂದ ಊರಿನ ಹೆಂಗಸರು ರೇಷ್ಮೆ ಸೀರೆ ಉಟ್ಟು ಬಾಗಿನದ ಮೊರ ಹಿಡಿದು ಟೆಂಪೋದಲ್ಲಿ ಬಂದರು. ಎರಡೂ ಗುಂಪಿನವರು ಏರಿಯ ಮೇಲೆ ಎದುರುಬದುರಾಗಿ ನಿಂತರು.

ಸಾಹೇಬರು ಮೊಣಕಾಲುದ್ದದ ಬೂಟು ಹಾಕಿಕೊಂಡು ಓಡಿ ಬಂದರು.

"ಎಲ್ಲಿ ಮಾರಾಯ್ರೆ ಬಿದ್ದದ್ದು?"

"ಅಗೋ ಸ್ವಾಮಿ, ಬಿದ್ದೈತಲ್ಲ" ಎಂದು ಮೂಡ್ಲಗಿರಿಯಪ್ಪ ಕೈ ತೋರಿಸಿದ.

"ಅದು ನಿಂತುಕೊಂಡೇ ಉಂಟಲ್ಲ!"

"ನಿಂತಿದ್ರೇ ಸ್ವಾಮಿ ಬೀಳೋದು."

ಏರಿಗೆ ಏರಿಯೇ ನಕ್ಕಿತು. ಹಟ್ಟಿಯ ಸಣ್ಣಮ್ಮ, ಎರಡು ಕಂಕುಳಲ್ಲೂ ಒಂದೊಂದು ಕುರಿಮರಿ ಇಟ್ಟುಕೊಂಡಿದ್ದವಳು, ನಕ್ಕು ನಕ್ಕು ಕೆಮ್ಮು ಬಂದು ಕೂತೇಬಿಟ್ಟಳು. ಅವಳ ಗಂಡ ವರ್ಷದಲ್ಲಿ ಎಂಟು ತಿಂಗಳು ಮಂದೆ ಹೊಡೆದುಕೊಂಡು ಊರೂರು ತಿರುಗುವವನು. ಎಳೇ ಮರಿಗಳನ್ನು ಮನೆಯ ಪಕ್ಕದ ಮುಳ್ಳುಬೇಲಿಯ ದೊಡ್ಡಿಯಲ್ಲಿ, ಅಂದರೆ ರೊಪ್ಪದಲ್ಲಿಟ್ಟು ಸಾಕುವವಳು ಇವಳೇ. ಸಾಹೇಬರಿಗೆ ಮುಖ ಕೆಂಪಾಯಿತು, ಆದರೂ ದೊಡ್ಡ ಮನಸ್ಸಿನವರು, ತಾವೂ ನಕ್ಕರು. ಬಾಗಿನ ಬಿಟ್ಟಾಯಿತು. ಪುಟ್ಟಮ್ಮನ ಕೈಗೆ ಮೊದಲ ಮೊರ ಬಂದಾಗ ಅವಳ ಕಣ್ಣಲ್ಲಿ ನೀರಾಡಿತು. ಎಲ್ಲರೂ ಕೋಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಪಾಚಿಗೆ ಕಾಲು ಜಾರುತ್ತದೆಂದು ನಾನು ಅಲ್ಲಿ ಪೇರಿಸಿದ್ದ ಬಿಳೀ ಚೀಲಗಳ ಮೇಲೆ ನಿಂತೆ.

ಸೋಮವಾರದ ಮೀಟಿಂಗಿನಲ್ಲಿ ಸಾಹೇಬರು ಎಲ್ಲರ ಮುಂದೆ, "ಇನ್ನು ಮೇಲೆ ಯಾರಾದರೂ ಕೋಡಿ ಬಿದ್ದಿದೆ ಅಂದರೆ ಅದು ಶುಭ ಸಮಾಚಾರ, ಯಾರೂ ಗಾಬರಿಯಾಗುವುದು ಬೇಡ" ಎಂದರು. ನಾವೆಲ್ಲ ಮೇಜು ಕುಟ್ಟಿ ನಕ್ಕೆವು. ಅತಿ ಜೋರಾಗಿ ನಕ್ಕವಳು ನಾನೇ.

ದೀಪಾವಳಿಯ ಹೊತ್ತಿಗೆ ಕೋಡಿಯ ಹರಿವು ನಿಂತಿತ್ತು. ಹಬ್ಬ ಕಳೆದ ಮೇಲೆ ಸಮುದ್ರದಲ್ಲಿ ವಾಯುಭಾರ ಕುಸಿದು ಮೂರು ದಿನ ಒಂದೇ ಸಮನೆ ಸುರಿಯಿತು. ಮೂರನೆಯ ದಿನ ಮಧ್ಯಾಹ್ನ ನಾಡಕಚೇರಿಯಲ್ಲಿ ಜಿಲ್ಲೆಯವರ ಜೊತೆ ವಿಡಿಯೋ ಮೀಟಿಂಗು. ವಿಷಯ ಏನು ಗೊತ್ತೇ? ಮಳೆ ಹಾನಿಗೆ ಮುನ್ನೆಚ್ಚರಿಕೆ. ಎಲ್ಲರೂ ಫೋನು ಬಂದ್ ಮಾಡಬೇಕೆಂದು ಅಪ್ಪಣೆಯಾಗಿತ್ತು. ನಾನು ಬಂದ್ ಮಾಡುವಷ್ಟರಲ್ಲಿ ಮೂಡ್ಲಗಿರಿಯಪ್ಪನ ಕರೆ ಬಂತು. ಬಾಗಿಲ ಬಳಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿದೆ. ಮೇಲೆ ತಗಡಿನ ಮಾಡು, ಮಳೆಯ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿತ್ತು.

"ಅಮ್ಮಾವ್ರೇ, ಕೋಡಿ ಬಿದ್..."

ಮುಂದಿನದು ಮಳೆಯಲ್ಲಿ ಹೋಯಿತು. ನಾನು, "ಸಂತೋಷ ಕಣಪ್ಪ, ಇನ್ನೊಂದ್ ಬಾಗಿನಕ್ಕೆ ದಿನ ನೋಡ್ಸು" ಎಂದೆ. ಆ ಕಡೆಯಿಂದ ಮಾತೇ ಬರಲಿಲ್ಲ. ಬರೀ ಮಳೆ. ಒಳಗಿಂದ ಯಾರೋ 'ಶ್' ಎಂದರು. ಫೋನು ಬಂದ್ ಮಾಡಿ ಚೀಲಕ್ಕೆ ಹಾಕಿಕೊಂಡೆ.

ಮೀಟಿಂಗು ಮುಗಿಯಲು ಒಂದೂವರೆ ಗಂಟೆಯಾಯಿತು. ಅಷ್ಟರಲ್ಲಿ ಹಟ್ಟಿಗೆ ನೀರು ನುಗ್ಗಿ, ಮೊಣಕಾಲು ದಾಟಿ, ಸೊಂಟಕ್ಕೆ ಬಂದಿತ್ತು. ಕೋಡಿಯ ಗೋಡೆ ಬುಡಸಮೇತ ಕಿತ್ತುಹೋಗಿತ್ತು. ಮೂಡ್ಲಗಿರಿಯಪ್ಪ ನನಗೆ ಫೋನು ಮಾಡಿದ ಮೇಲೆ ಏರಿಯ ಮೇಲಿಂದ ಹಟ್ಟಿಗೆ ಓಡಿದ್ದ. 'ಕೋಡಿ ಬಿದ್ದೋಗೈತೆ, ಏಳ್ರೋ' ಎಂದು ಕೂಗಿದ್ದ. ಹಟ್ಟಿಯವರು ಮಳೆಯ ಚಳಿಗೆ ಹೊದ್ದಿದ್ದ ಕಂಬಳಿಯೊಳಗಿಂದಲೇ ನಕ್ಕರಂತೆ. "ಹೋದ್ಸಲಾನೂ ಮೈಕಲ್ಲಿ ಹಿಂಗೇ ಬಡ್ಕಂಡ್ರಿ. ಮೇಡಂಗೆ ಹೇಳಿದ್ಯಾ?" ಎಂದು ಒಬ್ಬರು ಕೇಳಿದ್ದಾರೆ. ಇವನು ಸುಳ್ಳು ಹೇಳಲು ಬಾರದ ಮನುಷ್ಯ. "ಹೇಳ್ದೆ. ಸಂತೋಸ ಅಂದ್ರು" ಎಂದಿದ್ದಾನೆ. ಮೇಡಮ್ಮೇ ಸಂತೋಷ ಅಂದ ಮೇಲೆ ಇನ್ನೇನು ಎಂದು ಜನ ಮತ್ತೆ ಕಂಬಳಿ ಹೊದ್ದರು. ನೀರು ಹೊಸಿಲಿಗೆ ಬಂದಾಗ ಎದ್ದು ಗುಡಿಯ ಜಗಲಿ ಹತ್ತಿದರು. ಜೀವ ಉಳಿಯಿತು. ಸಣ್ಣಮ್ಮ ರೊಪ್ಪದ ಕಡೆಗೆ ಓಡಿ ಬಿದ್ದು ಕಾಲು ಮುರಿದುಕೊಂಡಳು. ರೊಪ್ಪದೊಳಗಿದ್ದ ಹನ್ನೊಂದು ಮರಿಗಳೂ ಹೋದವು. ಮಾರನೆಯ ದಿನ ಅವು ತೆಂಗಿನ ಬುಡಗಳಿಗೆ ಸಿಕ್ಕಿಕೊಂಡಿದ್ದನ್ನು ಒಂದೊಂದಾಗಿ ಫೋಟೋ ತೆಗೆದವಳು ನಾನು. ಆ್ಯಪು ಪ್ರತಿ ಮರಿಗೂ ಅಕ್ಷಾಂಶ ರೇಖಾಂಶ ಕೇಳಿತು.

ಮಹಜರು ಬರೆಯಲು ಕೂತೆ. ಕಾರಣ ಏನು ಎಂದು ಒಬ್ಬೊಬ್ಬರನ್ನೇ ಕೇಳಿದೆ. ತೋಟದವರು ಮಳೆ ಅಂದರು. ಎಂಜಿನಿಯರು ಗೋಡೆಯ ಬುಡದಲ್ಲಿ ಏಡಿ ಬಿಲ, ಜಾಲಿ ಬೇರು ತೋರಿಸಿದರು. ಒಬ್ಬ ಮುದುಕ, "ಗಂಗಮ್ಮಂಗೆ ಹಿಂದೆ ಮರಿ ಬಲಿ ಕೊಡ್ತಿದ್ರು, ನಿಲ್ಸಿದ್ರಿ, ಅವ್ಳೇ ತಗಂಡ್ಳು" ಎಂದ. ಮೂಡ್ಲಗಿರಿಯಪ್ಪ ಒಡೆದ ಕೋಡಿಯ ಕೆಳಗೆ ಇಳಿದು, ಕೆಸರಿನಿಂದ ಒಂದು ಬಿಳೀ ಚೀಲ ಎಳೆದು ತಂದು ನನ್ನ ಮುಂದೆ ಹಾಕಿದ. ಗೊಬ್ಬರದ ಚೀಲ, ಒಳಗೆ ಮರಳು. ಕೆರೆಯಲ್ಲಿ ಇನ್ನೊಂದು ಮೊಳ ನೀರು ನಿಂತರೆ ತಮ್ಮ ಬೋರುಗಳಿಗೆ ಒಳ್ಳೆಯದೆಂದು ತೋಟದವರು ಕೋಡಿಯ ಮೇಲೆ ಸಾಲಾಗಿ ಪೇರಿಸಿದ್ದರು. ಇಪ್ಪತ್ತು ವರ್ಷ ಒಣಗಿದ್ದ ಹಳೇ ಗೋಡೆ ಆ ಭಾರಕ್ಕೆ ತಡೆಯಲಿಲ್ಲ. ಬೇಡ ಅಂದದ್ದಕ್ಕೆ ಇವನ ಮೇಲೆ ಕೈ ಮಾಡಲು ಬಂದಿದ್ದರಂತೆ. ತೂಬು ತೆಗೆದು ನೀರು ಇಳಿಸಲೂ ಬಿಟ್ಟಿರಲಿಲ್ಲ. ನಾನು ಫೋನು ತೆಗೆದು ಬಾಗಿನದ ದಿನದ ಫೋಟೋ ನೋಡಿದೆ. ಸಾಹೇಬರು, ಹೂವು, ಮೊರ, ನಗುವ ಮುಖಗಳು. ನನ್ನ ಚಪ್ಪಲಿಯ ಕೆಳಗೆ ಅದೇ ಚೀಲ. ಅಷ್ಟು ವರ್ಷ ಕಾರಣ ಹುಡುಕಿದವಳು ಕಾರಣದ ಮೇಲೆಯೇ ನಿಂತು ಫೋಟೋ ತೆಗೆಸಿಕೊಂಡಿದ್ದೆ.

ಚೀಲ ಎಂದು ಬರೆಯೋಣ ಎಂದು ಹೊರಟೆ. ಆಗ ನಮ್ಮ ರೆವಿನ್ಯೂ ಇನ್‌ಸ್ಪೆಕ್ಟರು ನೆನಪಿಸಿದರು. ಇವರು ಹೊಸಬರು, ನನಗಿಂತ ಚಿಕ್ಕವರು. ಮನುಷ್ಯರು ಮಾಡಿದ್ದು ಅಂದರೆ ಅದು ಪ್ರಕೃತಿ ವಿಕೋಪ ಆಗುವುದಿಲ್ಲ. ವಿಕೋಪ ಅಲ್ಲದಿದ್ದರೆ ಹಟ್ಟಿಯವರಿಗೆ ಪರಿಹಾರ ಇಲ್ಲ. ಹಟ್ಟಿಯವರ ಮನೆಗಳಲ್ಲಿ ಒಲೆ ಹಚ್ಚಲೂ ಒಣ ಜಾಗ ಇರಲಿಲ್ಲ. ಜೊತೆಗೆ ಮಹಜರಿಗೆ ರುಜು ಹಾಕಬೇಕಾದ ಪಂಚರೆಲ್ಲ ತೋಟದವರೇ. ನಾನು ಪಟ್ಟಿ ಇಳಿಸಿ 'ಅತಿವೃಷ್ಟಿ' ಒತ್ತಿದೆ. ಅದೂ ಸುಳ್ಳಲ್ಲ ತಾನೇ, ಮೂರು ದಿನ ಸುರಿದಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಳೆಯ ಮೇಲೆ ಕೇಸು ಹಾಕಲು ಬರುವುದಿಲ್ಲ. ಆದರೂ ಜನರಿಗೆ ಒಬ್ಬ ಮನುಷ್ಯ ಬೇಕಾಗಿದ್ದ. ಸಕಾಲಕ್ಕೆ ತಿಳಿಸಲಿಲ್ಲ ಎಂದು ನೀರಗಂಟಿಯ ಮೇಲೆ ದೂರು ಹೋಯಿತು, ಜಿಲ್ಲೆಯಿಂದ ವಿಚಾರಣೆಗೆ ಒಬ್ಬರು ಬಂದರು. ಮೂಡ್ಲಗಿರಿಯಪ್ಪ ಕೈಕಟ್ಟಿ ನಿಂತು, "ಮೇಡಮ್ಮಾರ್ಗೆ ಫೋನ್ ಮಾಡಿದ್ದೆ" ಎಂದ. ಅಧಿಕಾರಿ ನನ್ನ ಕಡೆ ತಿರುಗಿದರು.

"ಮಾಡಿದ್ದನೇನ್ರೀ? ಏನು ಹೇಳಿದ?"

"ಕೋಡಿ ಬಿದ್ದಿದೆ ಅಂದ, ಅಥವಾ..."

"ಅಥವಾ?"

ಕೋಣೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಅಥವಾ ಎಂಬ ಮಾತಿಗೆ ಬೈಸಿಕೊಂಡು ಬೈಸಿಕೊಂಡು ನನಗೆ ಅದರ ಮುಂದೆ ಹೋಗುವ ಧೈರ್ಯವೇ ಹೋಗಿತ್ತು.

"ಅಪಾಯ ಇದೆ ಅಂತ ಹೇಳಲಿಲ್ಲ ಸಾರ್" ಎಂದೆ.

ಮಾತಿಗೆ ಮಾತು ಹಿಡಿದರೆ ಇದು ನಿಜ. ನನಗೆ ಕೇಳಿಸಿದ್ದರಲ್ಲಿ ಅಪಾಯ ಎಂಬ ಪದ ಇರಲಿಲ್ಲ. ಆ ನಿಜದಿಂದ ಅವನ ಕೆಲಸ ಹೋಯಿತು. ಅವನು ನನ್ನನ್ನು ಬೈಯಲಿಲ್ಲ. ಹುಬ್ಬು ಗಂಟಿಕ್ಕಿ, ಮರೆತ ಲೆಕ್ಕ ನೆನಪಿಸಿಕೊಳ್ಳುವವನ ಹಾಗೆ ನನ್ನನ್ನೇ ನೋಡಿದ, ಅಷ್ಟೆ. ಮೇಡಂಗೆ ಸರಿಯಾಗಿ ಹೇಳದೆ ನಮ್ಮನ್ನು ಕೆಡಿಸಿದ ಎಂದು ಹಟ್ಟಿಯವರು ಅವನನ್ನು ಮಾತಾಡಿಸುವುದು ಬಿಟ್ಟರು. ಪುಟ್ಟಮ್ಮ ಹಾಲು ಹಾಕಲು ಡೈರಿಗೆ ಹೋದರೆ ಊರಿನವರು, "ನಿನ್ ಗಂಡ ಮಲಗಿದ್ನಂತಲ್ಲೇ" ಎನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಆ ಊರಿನ ದಾರಿ ಬಿಟ್ಟು ಸುತ್ತು ಬಳಸಿ ಓಡಾಡುತ್ತಿದ್ದೆ.

ನಿವೃತ್ತಳಾದ ಮೇಲೆ ಧೈರ್ಯ ಬಂತು ಅಂದರೆ ಮೆಚ್ಚಬೇಡಿ. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಅದಕ್ಕೆ ಬಂತು. ನೀರಗಂಟಿ ಫೋನು ಮಾಡಿ ತಿಳಿಸಿದ್ದ, ತಪ್ಪು ಕೇಳಿಸಿಕೊಂಡವಳು ನಾನು ಎಂದು ಎರಡು ಪುಟ ಬರೆದು ಕಚೇರಿಗೆ ಕೊಟ್ಟೆ. ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, "ಫೈಲು ಮುಕ್ತಾಯ ಆಗಿದೆ ಮೇಡಂ. ಕಾರಣ ಅತಿವೃಷ್ಟಿ ಅಂತಿದೆ. ನಿಮ್ಮ ಕಾಗದ ಎಲ್ಲಿಗೆ ಸೇರಿಸೋದು ಗೊತ್ತಾಗ್ತಿಲ್ಲ" ಎಂದು ಬಹಳ ಮರ್ಯಾದೆಯಿಂದ ವಾಪಸು ಕೊಟ್ಟಳು. ಅವಳದೇನೂ ತಪ್ಪಿಲ್ಲ. ನಾನೇ ಮುಚ್ಚಿ ಬಂದ ಫೈಲು ಅದು.

ಕೋಡಿಗೆ ಹೊಸ ಗೋಡೆ ಕಟ್ಟಿದರು. ಹೋದ ವರ್ಷ ಕೆರೆ ಮತ್ತೆ ತುಂಬಿತು. ಊರಿನವರು ಬಾಗಿನಕ್ಕೆ ನನ್ನನ್ನೂ ಕರೆದರು, ನನ್ನ ಹೆಸರಿನಲ್ಲಿ ಒಂದು ಮೊರ ಎತ್ತಿಟ್ಟಿದ್ದರು. ತಿಪಟೂರಿನಿಂದ ಬಸ್ಸು ಹತ್ತಿ ಹೋದೆ. ಏರಿಯ ಮೇಲೆ ಊರೂ ಹಟ್ಟಿಯೂ ಸೇರಿತ್ತು. ಮೂಡ್ಲಗಿರಿಯಪ್ಪ ಹಿಂದೆ, ಹುಣಸೆ ಮರದ ಹತ್ತಿರ ನಿಂತಿದ್ದ. ಪಕ್ಕದಲ್ಲಿ ಪುಟ್ಟಮ್ಮ, ಹಳೇ ಸೀರೆಯಲ್ಲಿ. ಮೊದಲ ಮೊರ ಈ ಸಲ ಯಾರಿಗೆ ಎಂದು ಪಿಸುಪಿಸು ನಡೆದಿತ್ತು.

ಪೂಜೆ ಮುಗಿಯುತ್ತಿದ್ದ ಹಾಗೆ ನಾನು ಎದ್ದು ನಿಂತು ಹೇಳಿಬಿಟ್ಟೆ. ಭಾಷಣ ಮಾಡಲು ಬರುವುದಿಲ್ಲ, ತೊದಲಿದೆ, ಹಿಂದಿನದು ಮುಂದೆ ಮುಂದಿನದು ಹಿಂದೆ ಆಯಿತು. ಅವನು ಫೋನು ಮಾಡಿದ್ದು, ನಾನು ಸಂತೋಷ ಅಂದದ್ದು, ಮೀಟಿಂಗು, ವಿಚಾರಣೆ, ಚೀಲ ಎಲ್ಲ ಬಂತು. ಚೀಲ ಎಂದಾಗ ತೋಟದವರು ಕೆರೆಯ ಕಡೆ ನೋಡಿದರು. ಮೂಡ್ಲಗಿರಿಯಪ್ಪ ಹುಣಸೆ ಮರದ ಬಳಿಯಿಂದ ನಿಧಾನವಾಗಿ ಬಂದ.

"ಅಮ್ಮಾವ್ರೇ, ಒಂದು ಮಾತು ಕೇಳ್ಲಾ? ಆವತ್ತು ನಾನು ಬಿದ್ದೈತೆ ಅಂದೆನೋ, ಬಿದ್ದೋಗೈತೆ ಅಂದೆನೋ? ಗಾಬ್ರೀಲಿದ್ದೆ. ಆವತ್ತಿಂದ ಯೋಚ್ನೆ ಮಾಡ್ತಾನೇ ಅವ್ನಿ, ನೆಪ್ಪಿಗೇ ಬತ್ತಿಲ್ಲ. ನಾನೇ ತಪ್ಪು ಹೇಳಿದ್ನಾ ಅಂತ."

ಇಷ್ಟು ದಿನ ನಾನು ಮಾತ್ರ ನಿದ್ದೆಗೆಟ್ಟಿದ್ದೇನೆ ಅಂದುಕೊಂಡಿದ್ದೆ. ಅವನು ತಾನು ಹೇಳಿದ ಮಾತಿನ ಮೇಲೇ ಅನುಮಾನ ಪಡುವಂತೆ ನಾನು ಮಾಡಿದ್ದೆ.

ನಿಮಗೆ ನಿಜ ಹೇಳುತ್ತೇನೆ ಮಕ್ಕಳೇ. ಅವನು ಏನು ಹೇಳಿದನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. 'ಬಿದ್' ವರೆಗೆ ಕೇಳಿಸಿತ್ತು, ಉಳಿದದ್ದು ತಗಡಿನ ಮೇಲಿನ ಮಳೆಯಲ್ಲಿ ಹೋಗಿತ್ತು. ಆದರೆ ನಾನು ಸಂತೋಷ ಅಂದ ಮೇಲೆ ಆ ಕಡೆ ಅವನು ಮಾತಿಲ್ಲದೆ ನಿಂತದ್ದು ಗೊತ್ತು. ಕೆರೆ ತುಂಬಿದ ಸುದ್ದಿ ಹೇಳುವ ನೀರಗಂಟಿ ಹಾಗೆ ನಿಲ್ಲುವುದಿಲ್ಲ.

"ಬಿದ್ದೋಗೈತೆ ಅಂದೆ ಕಣಪ್ಪ ನೀನು" ಎಂದೆ. "ಸರಿಯಾಗೇ ಹೇಳಿದೆ. ಕೇಳಿಸ್ಕೊಂಡೋಳು ನಾನು ಸರಿಯಿಲ್ಲ."

ಅವನು ಟವಲು ತೆಗೆದು ಮುಖ ಮುಚ್ಚಿಕೊಂಡ.

ಸಣ್ಣಮ್ಮ ಜನರ ನಡುವಿನಿಂದ ಬಂದಳು. ಮುರಿದಿದ್ದ ಕಾಲು ಇನ್ನೂ ಎಳೆದೇ ಹಾಕುತ್ತಾಳೆ. ನನ್ನ ಮುಂದೆ ನಿಂತು ಕೇಳಿದಳು:

"ಅಂಗಾರೆ ನನ್ ಮರಿಗೋಳ್ನ ತಿಂದೋಳು ನೀನೇನವ್ವಾ?"

ಮಳೆ, ಚೀಲ, ಹಳೇ ಗೋಡೆ, ಏಡಿ ಬಿಲ, ಜಾಲಿ ಬೇರು ಎಲ್ಲವೂ ನಾಲಿಗೆಯ ತುದಿಗೆ ಬಂದವು. ಎಲ್ಲವೂ ನಿಜವೇ. ಅಥವಾ ಎಂಬ ಮಾತೂ ಬಂತು. ನುಂಗಿಕೊಂಡೆ.

"ಹೂಂ ಕಣವ್ವ" ಎಂದೆ.

ಅವಳು ಬಗ್ಗಿ, ನನ್ನ ಮುಂದೆ ಎತ್ತಿಟ್ಟಿದ್ದ ಮೊರವನ್ನು ತೆಗೆದುಕೊಂಡು, ಕಾಲೆಳೆಯುತ್ತಾ ಹುಣಸೆ ಮರದವರೆಗೆ ಹೋಗಿ ಪುಟ್ಟಮ್ಮನ ಕೈಗೆ ಕೊಟ್ಟಳು. "ಹಿಡ್ಕಳೇ, ಮೊದ್ಲು ನಿಂದು" ಎಂದಳು. ನನ್ನ ಕಡೆ ಮತ್ತೆ ತಿರುಗಲಿಲ್ಲ. ನಾನು ಏರಿ ಇಳಿದು, ಬರಿಗೈಯಲ್ಲಿ, ಮೂರು ಗಂಟೆಯ ಬಸ್ಸಿಗೆ ನಡೆದೆ.